ಇಂದಿರಾ ಹೇಳಿದ ‘ಬೇಡ’: ಕಾದಂಬರಿಯಲ್ಲಿ, ಸಿನಿಮಾದಲ್ಲಿ, ನಮ್ಮ ಮನೆಗಳಲ್ಲಿ

(ಮದ್ದೂರು ತಾಲ್ಲೂಕಿನ ವೈದ್ಯನಾಥಪುರದಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಮುಂದೆ ಮಾಡಿದ ಭಾಷಣದ ಬರಹ ರೂಪ)



ವರದಕ್ಷಿಣೆಯ ಮೇಲೆ ಸಭೆ ಎಂದರೆ ಕಾನೂನು, ಪೊಲೀಸು, ಕೋರ್ಟು ಇವುಗಳ ಮಾತೇ ಮೊದಲು ಬರುತ್ತದೆ. ಆ ಮಾತೂ ಬೇಕು, ಕೊನೆಯಲ್ಲಿ ಅದಕ್ಕೆ ಬರುತ್ತೇನೆ. ಆದರೆ ಇವತ್ತು ಒಂದು ಕಾದಂಬರಿ ಹಾಗೂ ಅದರಿಂದ ತೆಗೆದ ಒಂದು ಸಿನಿಮಾವನ್ನು ಅಕ್ಕಪಕ್ಕ ಇಟ್ಟು ನೋಡೋಣ. ಸಂಘದ ಸಭೆಯಲ್ಲಿ ಸಿನಿಮಾ ಮಾತು ಯಾಕೆ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಬಹುದು. ಕಾರಣ ಇಷ್ಟೇ. ಗಂಡು ನೋಡಲು ಬರುವ ಹೊತ್ತಿನಲ್ಲಿ ನಮ್ಮ ಹುಡುಗಿಯ ತಲೆಯಲ್ಲಿ ಕಾನೂನಿನ ಪುಸ್ತಕ ಇರುವುದಿಲ್ಲ. ಅವಳು ಓದಿದ, ನೋಡಿದ, ಕೇಳಿದ ಕಥೆಗಳು ಇರುತ್ತವೆ. ಒಳ್ಳೆಯ ಹೆಣ್ಣು ಎಂದರೆ ಹೇಗಿರಬೇಕು, ಯಾವಾಗ ಸುಮ್ಮನಿರಬೇಕು, ಯಾವಾಗ ಅಳಬೇಕು ಎಂದು ಅವಳಿಗೆ ಕಲಿಸಿರುವುದು ಆ ಕಥೆಗಳೇ. ಆದ್ದರಿಂದ ಕಥೆಗಳನ್ನು ಇನ್ನೊಂದು ಸಲ ಎಚ್ಚರದಿಂದ ನೋಡುವುದೂ ನಮ್ಮ ಕೆಲಸವೇ.

ಕಾದಂಬರಿಯ ಹೆಸರು ‘ಬೆಳ್ಳಿಮೋಡ’. ಬರೆದವರು ತ್ರಿವೇಣಿ. ತ್ರಿವೇಣಿ ಎನ್ನುವುದು ಕಾವ್ಯನಾಮ, ಅವರ ಹೆಸರು ಅನಸೂಯಾ ಶಂಕರ್. 1928ರಲ್ಲಿ ಹುಟ್ಟಿದವರು. ಅವರಿಗೂ ನಮ್ಮ ಜಿಲ್ಲೆಗೂ ನಂಟು ಉಂಟು, ಬಾಲ್ಯವನ್ನು ಕಳೆದದ್ದು ಮಂಡ್ಯದಲ್ಲಿ. ಮನಃಶಾಸ್ತ್ರ ಓದಿ ಪದವಿ ಪಡೆದವರು. ಬರೆದದ್ದು ಹತ್ತೇ ಹತ್ತು ವರ್ಷ. ಅಷ್ಟರಲ್ಲಿ ಇಪ್ಪತ್ತು ಕಾದಂಬರಿ ಕೊಟ್ಟರು. 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರ ಕಾದಂಬರಿಗಳಿಂದ ತೆಗೆದ ಯಾವ ಸಿನಿಮಾವನ್ನೂ ಅವರು ನೋಡಲಿಲ್ಲ.

ಸಿನಿಮಾ ಬಂದದ್ದು 1967ರಲ್ಲಿ. ನಿರ್ದೇಶಕರು ಪುಟ್ಟಣ್ಣ ಕಣಗಾಲ್. ಅದಕ್ಕೆ ಒಂದು ವರ್ಷ ಮೊದಲು, 1966ರಲ್ಲಿ, ತ್ರಿವೇಣಿಯವರದೇ ‘ಬೆಕ್ಕಿನ ಕಣ್ಣು’ ಕಾದಂಬರಿಯನ್ನು ಅವರು ಮಲಯಾಳದಲ್ಲಿ ಸಿನಿಮಾ ಮಾಡಿದ್ದರು. ಕನ್ನಡದಲ್ಲಿ ಅವರು ನಿರ್ದೇಶಿಸಿದ ಮೊದಲ ಚಿತ್ರ ‘ಬೆಳ್ಳಿಮೋಡ’. ಇಂದಿರಾ ಆಗಿ ಕಲ್ಪನಾ, ಮೋಹನ್ ಆಗಿ ಕಲ್ಯಾಣ್‌ಕುಮಾರ್, ಇಂದಿರಾಳ ತಂದೆಯಾಗಿ ಅಶ್ವತ್ಥ್, ತಾಯಿಯಾಗಿ ಪಂಢರಿಬಾಯಿ. ನಿಮ್ಮಲ್ಲಿ ಹಿರಿಯರು ಇದನ್ನು ಟೆಂಟಿನಲ್ಲಿ ನೋಡಿರಬಹುದು, ಕಿರಿಯರು ಟೀವಿಯಲ್ಲಿ ನೋಡಿರಬಹುದು. ನೋಡದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳುತ್ತೇನೆ.

ಮಲೆನಾಡಿನಲ್ಲಿ ಒಂದು ಎಸ್ಟೇಟು. ಸಾಹುಕಾರ ದಂಪತಿಗಳಿಗೆ ಒಬ್ಬಳೇ ಮಗಳು ಇಂದಿರಾ. ಬುದ್ಧಿವಂತ ಹುಡುಗ ಮೋಹನ್‌ಗೆ ಪರದೇಶಕ್ಕೆ ಹೋಗಿ ಓದುವ ಆಸೆ, ಕೈಯಲ್ಲಿ ದುಡ್ಡಿಲ್ಲ. ಇಂದಿರಾಳ ತಂದೆ ಖರ್ಚು ಕೊಡಲು ಒಪ್ಪುತ್ತಾರೆ. ಮಗಳನ್ನು ಅವನಿಗೇ ಕೊಡುವುದೆಂದು ಮಾತಾಗುತ್ತದೆ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚುತ್ತಾರೆ. ಮೋಹನ್ ಹೊರಟುಹೋಗುತ್ತಾನೆ, ಇಂದಿರಾ ವರ್ಷಗಟ್ಟಲೆ ಕಾಯುತ್ತಾಳೆ. ಈ ನಡುವೆ ಯಾರೂ ಎಣಿಸಿರದ ಒಂದು ಸಂಗತಿ ನಡೆಯುತ್ತದೆ. ಇಂದಿರಾಳ ತಾಯಿ ಮತ್ತೆ ಬಸುರಿಯಾಗಿ ಗಂಡುಮಗು ಹೆರುತ್ತಾಳೆ. ಆ ಮಗುವನ್ನು ಮಗಳ ಮಡಿಲಿಗೆ ಬಿಟ್ಟು ತೀರಿಕೊಳ್ಳುತ್ತಾಳೆ. ಮದುವೆಯಾಗಬೇಕಿದ್ದ ಹುಡುಗಿ ತಮ್ಮನಿಗೆ ತಾಯಿಯಾಗುತ್ತಾಳೆ. ಮೋಹನ್ ಓದು ಮುಗಿಸಿ ಬರುತ್ತಾನೆ. ಬಂದವನಿಗೆ ಗೊತ್ತಾಗುತ್ತದೆ, ಈ ಮನೆಯ ಆಸ್ತಿಗೆ ಈಗ ಇಂದಿರಾ ಒಬ್ಬಳೇ ವಾರಸುದಾರಳಲ್ಲ ಎಂದು. ಅಲ್ಲಿಗೆ ಅವನ ಪ್ರೀತಿ ಆರುತ್ತದೆ, ಮದುವೆ ಬೇಡವೆನ್ನುತ್ತಾನೆ. ಆಮೇಲೆ ಗುಡ್ಡದಿಂದ ಬಿದ್ದು ಕಾಲು ಮುರಿದುಕೊಳ್ಳುತ್ತಾನೆ. ಇಂದಿರಾ ಅವನ ಆರೈಕೆ ಮಾಡುತ್ತಾಳೆ. ಆ ಆರೈಕೆಯಲ್ಲಿ ಅವನಿಗೆ ಅವಳ ಬೆಲೆ ತಿಳಿಯುತ್ತದೆ. ಮದುವೆಯಾಗೋಣ ಎನ್ನುತ್ತಾನೆ. ಇಂದಿರಾ ಬೇಡವೆನ್ನುತ್ತಾಳೆ. ಕಥೆ ಮುಗಿಯುತ್ತದೆ.

ಈ ಕಥೆಯಲ್ಲಿ ಯಾರೂ ಯಾರನ್ನೂ ಹೊಡೆಯುವುದಿಲ್ಲ. ಸೀಮೆಎಣ್ಣೆ ಇಲ್ಲ, ಸ್ಟೌವ್ ಸಿಡಿಯುವುದಿಲ್ಲ, ಅತ್ತೆಯ ಕಾಟವಿಲ್ಲ. ಹೀಗಾಗಿ ಇಷ್ಟು ವರ್ಷಗಳಿಂದ ಇದನ್ನು ನಾವು ಪ್ರೇಮಭಂಗದ ಕಥೆ ಎಂದು ಕರೆಯುತ್ತ ಬಂದಿದ್ದೇವೆ. ನನ್ನ ಪ್ರಕಾರ ಇದು ವರದಕ್ಷಿಣೆಯ ಕಥೆ. ಗಂಡಿನ ಓದಿಗೆ ಕೊಟ್ಟ ದುಡ್ಡು ಮುಂಗಡ, ಎಸ್ಟೇಟು ಬಾಕಿ ಕಂತು. ಬಾಕಿ ಕಂತು ಪೂರ್ತಿ ಬರುವುದಿಲ್ಲ ಎಂದು ಗೊತ್ತಾದ ದಿನ ವ್ಯಾಪಾರ ಮುರಿದುಬಿತ್ತು. ಹುಡುಗಿ ಅದೇ ಹುಡುಗಿ. ಅದೇ ಮುಖ, ಅದೇ ಗುಣ, ಅದೇ ಪ್ರೀತಿ. ಬದಲಾಗಿದ್ದು ಲೆಕ್ಕ ಮಾತ್ರ.

ನಮ್ಮ ಕಡೆ ಗಂಡಿನವರು ಬಂದು ಕೂತಾಗ ಏನು ಹೇಳುತ್ತಾರೆ? “ಹುಡ್ಗ ಬಿ.ಇ. ಓದವ್ನೆ, ಬೆಂಗ್ಳೂರಲ್ಲಿ ಕೆಲ್ಸ. ನಾವೇನೂ ಕೇಳಕಿಲ್ಲ ಕಣವ್ವ, ನಿಮ್ ಮಗಳ್ಗೆ ನೀವೇನ್ ಮಾಡ್ತೀರೋ ಮಾಡಿ.” ಕೇಳುವುದಿಲ್ಲ ಎನ್ನುತ್ತಲೇ ಕೇಳುವ ಈ ಮಾತು ಎಷ್ಟು ನಯವಾಗಿದೆ ನೋಡಿ. ಮೋಹನ್ ಕೂಡ ನಯವಂತನೇ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಈ ನಯಕ್ಕೆಲ್ಲ ಮರುಳಾಗಿಲ್ಲ. ಮದುವೆಗೆ ಸಂಬಂಧಿಸಿದಂತೆ ನೇರವಾಗಿಯಾಗಲಿ, ಬೇರೆ ದಾರಿಯಿಂದಾಗಲಿ, ಕೊಟ್ಟದ್ದು ಅಥವಾ ಕೊಡುತ್ತೇವೆಂದು ಒಪ್ಪಿದ್ದು ವರದಕ್ಷಿಣೆಯೇ ಎಂದು ಅದು ಹೇಳುತ್ತದೆ. ಓದಿನ ಫೀಜು, ಬೈಕು, ಸೈಟು, ಛತ್ರದ ಖರ್ಚು, ಹೆಸರು ಯಾವುದಾದರೂ ಇರಲಿ.

ಈಗ ಪುಸ್ತಕ ಹಾಗೂ ಸಿನಿಮಾ ಒಂದೇ ಕಥೆಯನ್ನು ಹೇಗೆ ಬೇರೆ ಬೇರೆಯಾಗಿ ನಮ್ಮೊಳಗೆ ಇಳಿಸುತ್ತವೆ ನೋಡೋಣ.

ತ್ರಿವೇಣಿ ನಮ್ಮನ್ನು ಇಂದಿರಾಳ ಮನಸ್ಸಿನ ಪಕ್ಕದಲ್ಲಿ ಕೂರಿಸುತ್ತಾರೆ. ಅವರ ಭಾಷೆ ಮನೆಯಲ್ಲಿ ಆಡುವ ಮಾತಿನಂತೆ ಸರಳ. ಓದುತ್ತಿರುವಾಗ ನಾವು ಬೇಕೆಂದ ಕಡೆ ನಿಲ್ಲಬಹುದು. ಪುಸ್ತಕವನ್ನು ಮಡಿಲಲ್ಲಿ ಇಟ್ಟುಕೊಂಡು ನಮ್ಮ ಮನೆಯ ಒಂದು ಮಾತುಕತೆಯನ್ನು ನೆನಪಿಸಿಕೊಳ್ಳಬಹುದು. ಹಿಂದಿನ ಪುಟಕ್ಕೆ ಹೋಗಿ, ‘ಓ, ಇವನು ಆಗಲೇ ಹೀಗೆ ಆಡಿದ್ದನಲ್ಲ’ ಎಂದು ನೋಡಬಹುದು. ಗಂಡಿನ ಆಸೆ ಒಂದೇ ದಿನಕ್ಕೆ ಹುಟ್ಟುವುದಿಲ್ಲ. ಹೆಣ್ಣಿನ ‘ಬೇಡ’ ಕೂಡ ಒಂದೇ ದಿನಕ್ಕೆ ಹುಟ್ಟುವುದಿಲ್ಲ. ತಾಯಿ ಸತ್ತ ದುಃಖ, ತಮ್ಮನ ಲಾಲನೆ, ಕಾಯುವ ದಿನಗಳು, ಅವಮಾನ, ಆಮೇಲೆ ರೋಗಿಯ ಮಂಚದ ಪಕ್ಕದಲ್ಲಿ ನಿಂತು ಅವನನ್ನು ಹತ್ತಿರದಿಂದ ನೋಡಿದ್ದು, ಇಷ್ಟೆಲ್ಲ ಸೇರಿ ಆ ಒಂದು ಪದ ಹಣ್ಣಾಗುತ್ತದೆ. ಕಾದಂಬರಿ ಆ ಹಣ್ಣಾಗುವಿಕೆಗೆ ಬೇಕಾದ ಸಮಯ ಕೊಡುತ್ತದೆ.

ಸಿನಿಮಾಕ್ಕೆ ಅಷ್ಟು ಸಮಯವಿಲ್ಲ. ಆದರೆ ಅದಕ್ಕೆ ಬೇರೆ ಬಲಗಳಿವೆ. ಪುಟ್ಟಣ್ಣ ಕ್ಯಾಮೆರಾವನ್ನು ಸ್ಟುಡಿಯೋದಿಂದ ಹೊರಗೆ ತಂದು ಚಿಕ್ಕಮಗಳೂರಿನ ಗುಡ್ಡಗಳ ಮಧ್ಯೆ ನಿಲ್ಲಿಸಿದರು. ಬೇಂದ್ರೆಯವರ ‘ಬೆಳಗು’ ಕವಿತೆಗೆ ವಿಜಯಭಾಸ್ಕರ್ ರಾಗ ಹಾಕಿದರು, ಎಸ್. ಜಾನಕಿ ಹಾಡಿದರು. ಆ ಹಾಡು ಇಂದಿಗೂ ನಮ್ಮ ಮನೆಗಳ ಬೆಳಗ್ಗೆಗಳಲ್ಲಿ ಕೇಳುತ್ತದೆ. ಕಪ್ಪು ಬಿಳುಪಿನ ಆ ಮಂಜು, ಆ ಬೆಟ್ಟ, ಆ ಹಾಡುಗಳ ನಡುವೆ ಪ್ರೇಕ್ಷಕಿಗೆ ಏನಾಗುತ್ತದೆ? ಅವಳಿಗೂ ಮೋಹನ್ ಮೇಲೆ ಪ್ರೀತಿ ಹುಟ್ಟುತ್ತದೆ. ಕಲ್ಯಾಣ್‌ಕುಮಾರ್ ಆಗಿನ ಜನಪ್ರಿಯ ನಾಯಕ. ನಾಯಕ ಎಂದರೆ ಒಳ್ಳೆಯವನು ಎಂದು ನಂಬಿ ಟಿಕೆಟ್ ತೆಗೆದುಕೊಂಡ ಕಾಲ ಅದು. ಹಾಡಿ ಕುಣಿದ ನಾಯಕನೇ ಆಸ್ತಿಯ ಲೆಕ್ಕ ಹಾಕುವವನಾಗಿ ತಿರುಗಿದಾಗ ಮೋಸ ಹೋದದ್ದು ಇಂದಿರಾ ಒಬ್ಬಳೇ ಅಲ್ಲ, ಟೆಂಟಿನಲ್ಲಿ ಕೂತ ನಾವೂ ಮೋಸ ಹೋದೆವು. ಈ ಕೆಲಸ ಪುಸ್ತಕಕ್ಕಿಂತ ಸಿನಿಮಾದಲ್ಲಿ ಚೆನ್ನಾಗಿ ಆಗಿದೆ ಎಂದು ನಾನು ಹೇಳುತ್ತೇನೆ. ವರದಕ್ಷಿಣೆ ಕೇಳುವವನು ಹಲ್ಲು ಕಡಿಯುತ್ತ ಬರುವುದಿಲ್ಲ, ಹಾಡುತ್ತ ಬರುತ್ತಾನೆ ಎಂದು ನಮ್ಮ ಕಣ್ಣಿಗೆ ಕಟ್ಟಿದ್ದು ಆ ಸಿನಿಮಾ.

ಇನ್ನೊಂದು ಬಲ ಕಲ್ಪನಾ ಅವರ ಮುಖ. ಕಾದಂಬರಿಯಲ್ಲಿ ಪುಟಗಟ್ಟಲೆ ಬರುವ ಒಳತೋಟಿಯನ್ನು ಅವರು ಕಣ್ಣಿನಲ್ಲಿ, ತುಟಿಯಂಚಿನಲ್ಲಿ ತೋರಿಸಿದರು. ಅಶ್ವತ್ಥ್ ಅವರ ಅಪ್ಪನ ಮುಖವೂ ಹಾಗೇ. ಮಗಳ ಮದುವೆ ಮುರಿದ ತಂದೆಯ ನೋವು ನಮ್ಮೂರಿನ ಎಷ್ಟೋ ಜಗಲಿಗಳ ಮೇಲೆ ಕಂಡ ನೋವೇ. ಓದು ಬಾರದ ಹೆಣ್ಣುಮಗಳಿಗೂ ಈ ಕಥೆ ತಲುಪಿದ್ದು ಈ ಮುಖಗಳಿಂದ. ಪುಸ್ತಕವನ್ನು ಒಬ್ಬೊಬ್ಬರೇ ಓದುತ್ತೇವೆ. ಸಿನಿಮಾವನ್ನು ನೂರು ಜನ ಒಟ್ಟಿಗೆ ಕೂತು ನೋಡುತ್ತೇವೆ. ಇಂದಿರಾ ‘ಬೇಡ’ ಎಂದಾಗ ಅದನ್ನು ಊರಿಗೆ ಊರೇ ಕೇಳಿಸಿಕೊಂಡಿತು.

ಆದರೆ ಸಿನಿಮಾದ ಇದೇ ಬಲ ಒಂದು ತೊಂದರೆಯನ್ನೂ ತಂದಿತು. ಸಂಗೀತ, ಕಣ್ಣೀರು, ದೊಡ್ಡದಾಗಿ ತೋರಿಸಿದ ನೊಂದ ಮುಖ, ಇವೆಲ್ಲ ಸೇರಿ ಕೊನೆಗೆ ನಮ್ಮ ಬಾಯಿಂದ ಬರುವ ಮಾತು ಒಂದೇ: “ಪಾಪ, ಇಂದಿರಾ.” ಮದುವೆ ಆಗದೆ ಉಳಿದಳಲ್ಲ ಪಾಪ, ತಮ್ಮನನ್ನು ಸಾಕುತ್ತ ಆಯುಸ್ಸು ಸವೆಸುತ್ತಾಳಲ್ಲ ಪಾಪ. ಕೊನೆಗೆ ಅವನು ಬದಲಾಗಿದ್ದನಲ್ಲ, ಒಪ್ಪಿಕೊಳ್ಳಬಹುದಿತ್ತಲ್ಲ ಎನ್ನುವವರೂ ಇದ್ದಾರೆ. “ಸದ್ಯ, ಬಚಾವಾದಳು” ಎನ್ನುವವರು ಎಷ್ಟು ಜನ?

ಯೋಚನೆ ಮಾಡಿ. ಮೋಹನ್ ಬದಲಾದದ್ದು ಯಾವಾಗ? ಕಾಲು ಮುರಿದು, ಇನ್ನೊಬ್ಬರ ಕೈಯಿಂದ ನೀರು ಕುಡಿಯಬೇಕಾಗಿ ಬಂದಾಗ. ಕಾಲು ಸರಿಯಾದ ಮೇಲೆ ಮನಸ್ಸು ಸರಿ ಇರುತ್ತದೆ ಎಂದು ಯಾರು ಜಾಮೀನು ಕೊಡುತ್ತಾರೆ? ನಾಳೆ ಇಂದಿರಾಳ ತಮ್ಮನಿಗೆ ಜ್ವರ ಬಂದರೆ, ಅವಳು ಗಂಡನ ಮನೆ ಬಿಟ್ಟು ಬಂದು ನಾಲ್ಕು ದಿನ ಕೂತರೆ, ಅಪ್ಪ ವಿಲ್ಲು ಬರೆಯುವ ದಿನ ಬಂದರೆ, ಅದೇ ಲೆಕ್ಕದ ಪುಸ್ತಕ ಮತ್ತೆ ತೆರೆದುಕೊಳ್ಳುವುದಿಲ್ಲವೆ? ಇಂದಿರಾ ಅವನಿಗೆ ಆರೈಕೆ ಮಾಡಿದ್ದು ಮನುಷ್ಯತ್ವದಿಂದ. ಬಿದ್ದವನಿಗೆ ನೀರು ಕೊಡುವುದು ಬೇರೆ, ಅವನ ಕೈಗೆ ಬದುಕು ಕೊಡುವುದು ಬೇರೆ. ಈ ಎರಡನ್ನೂ ಅವಳು ಕಲಸಿಕೊಳ್ಳಲಿಲ್ಲ. ನಮ್ಮ ಹೆಣ್ಣುಮಕ್ಕಳಿಗೆ ನಾವು ಕಲಿಸಬೇಕಾದ ದೊಡ್ಡ ಪಾಠ ಇದು. ಗಂಡ ಕಾಯಿಲೆ ಬಿದ್ದು ಅತ್ತಾಗ, ಕುಡಿತ ಇಳಿದ ಮೇಲೆ ಕಾಲು ಹಿಡಿದಾಗ, ‘ಈಗ ಸರಿಹೋದ’ ಎಂದು ನಂಬಿ ಮರಳಿಹೋದ ಎಷ್ಟೋ ಅಕ್ಕಂದಿರು ಇಲ್ಲೇ ಕೂತಿದ್ದೀರಿ.

ಸಿನಿಮಾ ಮಾಡಿದವರಿಗೆ ಒಂದು ಮೆಚ್ಚುಗೆಯನ್ನಂತೂ ಸಲ್ಲಿಸಲೇಬೇಕು. ಕೊನೆಯಲ್ಲಿ ನಾಯಕ ನಾಯಕಿಯನ್ನು ಒಂದು ಮಾಡಿ, ತಾಳಿ ಕಟ್ಟಿಸಿ, ‘ಶುಭಂ’ ಹಾಕುವುದು ಆ ಕಾಲದ ವಾಡಿಕೆ. ಹಾಗೆ ಮಾಡಿದ್ದರೆ ತ್ರಿವೇಣಿಯವರ ಕಥೆ ಸತ್ತೇಹೋಗುತ್ತಿತ್ತು. ಪುಟ್ಟಣ್ಣ ಹಾಗೆ ಮಾಡಲಿಲ್ಲ, ಇಂದಿರಾಳ ‘ಬೇಡ’ವನ್ನು ಉಳಿಸಿಕೊಂಡರು. ಹಾಗಾಗಿ ಕಾದಂಬರಿಗೂ ಸಿನಿಮಾಕ್ಕೂ ಮುಖ್ಯ ವ್ಯತ್ಯಾಸ ಅಂತ್ಯದಲ್ಲಿ ಇಲ್ಲ, ನಾವು ಮನೆಗೆ ಏನನ್ನು ಕಟ್ಟಿಕೊಂಡು ಹೋಗುತ್ತೇವೆ ಎಂಬುದರಲ್ಲಿದೆ. ಸಿನಿಮಾದಿಂದ ನೋವನ್ನು ಕಟ್ಟಿಕೊಂಡು ಬರುತ್ತೇವೆ, ಕಾದಂಬರಿಯಿಂದ ತೀರ್ಮಾನವನ್ನು. ಎರಡೂ ಬೇಕು. ಆದರೆ ಮಗಳ ಕೈಗೆ ಕೊಡುವಾಗ ತೀರ್ಮಾನವನ್ನು ಕೊಡೋಣ.

ಈ ಕಥೆಯಲ್ಲಿ ಇನ್ನೊಂದು ಗಂಟಿದೆ. ಗಂಡುಮಗು ಹುಟ್ಟಿದ ಕೂಡಲೇ ಹೆಣ್ಣುಮಗಳ ಬೆಲೆ ಬಿದ್ದುಹೋಯಿತು ಎಂಬುದನ್ನು ಮೋಹನ್ ಮಾತ್ರವಲ್ಲ, ಓದುವ ನೋಡುವ ನಾವೂ ಸಹಜ ಎಂಬಂತೆ ಒಪ್ಪಿಬಿಡುತ್ತೇವೆ. ಆಸ್ತಿ ತಮ್ಮನಿಗೆ ಹೋಯಿತು ಎನ್ನುತ್ತೇವೆ. ಯಾಕೆ ಹೋಗಬೇಕು? 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ, ತಂದೆ ವಿಲ್ಲು ಬರೆಯದೆ ತೀರಿಕೊಂಡರೆ ಅವರ ಸ್ವಂತ ಸಂಪಾದನೆಯಲ್ಲಿ ಮಗನಿಗೂ ಮಗಳಿಗೂ ಸಮಪಾಲು ಎಂದಿತ್ತು. ಅಂದರೆ ಎಸ್ಟೇಟು ತಂದೆಯ ಸ್ವಂತದ್ದೇ ಆಗಿದ್ದರೆ, ತಮ್ಮ ಹುಟ್ಟಿದ ಮೇಲೂ ಇಂದಿರಾಳಿಗೆ ಅರ್ಧ ಬರುತ್ತಿತ್ತು. ಮೋಹನ್‌ಗೆ ಅರ್ಧ ಸಾಲಲಿಲ್ಲ, ಪೂರ್ತಿ ಬೇಕಿತ್ತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹುಟ್ಟಿನ ಹಕ್ಕು ಇಡೀ ದೇಶಕ್ಕೆ ಬಂದದ್ದು 2005ರಲ್ಲಿ. ನಮ್ಮ ಕರ್ನಾಟಕ ಅದಕ್ಕೂ ಮೊದಲೇ, 1994ರಲ್ಲಿ, ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಆ ಹಕ್ಕು ಕೊಟ್ಟಿತ್ತು. 2005ರಲ್ಲಿ ತಂದೆ ಬದುಕಿರಲಿ ಬಿಡಲಿ, ಈ ಹಕ್ಕು ಮಗಳಿಗೆ ಉಂಟು ಎಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟ ಮಾಡಿತು.

ಕಾಗದದ ಮೇಲೆ ಇಷ್ಟೆಲ್ಲ ಇದೆ. ನಮ್ಮ ಊರುಗಳಲ್ಲಿ ನಡೆಯುವುದೇನು? ಮದುವೆಗೆ ಮೈಮೇಲೆ ಒಂದಿಷ್ಟು ಚಿನ್ನ ಹಾಕಿ, ‘ನಿನ್ನ ಪಾಲು ಮುಗೀತು’ ಎನ್ನುತ್ತಾರೆ. ಆಮೇಲೆ ಒಂದು ದಿನ ತವರಿಗೆ ಊಟಕ್ಕೆ ಕರೆದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಆ ಚಿನ್ನ ಎಲ್ಲಿರುತ್ತದೆ? ಗಂಡನ ಮನೆಯವರ ಗಿರವಿಯಲ್ಲಿ. ವರದಕ್ಷಿಣೆ ಮಗಳ ಪಾಲಲ್ಲ, ಅಳಿಯನ ಪಾಲು. ಮಗಳ ಹೆಸರಿನಲ್ಲಿ ಹತ್ತು ಗುಂಟೆ ಗದ್ದೆ ಇದ್ದರೆ ಅವಳಿಗೆ ‘ಬೇಡ’ ಎನ್ನುವ ಧೈರ್ಯ ಬರುತ್ತದೆ. ಅದೇ ಗದ್ದೆ ಮಾರಿ ಅಳಿಯನಿಗೆ ಕಾರು ಕೊಡಿಸಿದರೆ ಅವಳಿಗೆ ಏನು ಬರುತ್ತದೆ?

ಇಂದಿರಾ ‘ಬೇಡ’ ಎನ್ನಲು ಸಾಧ್ಯವಾದದ್ದು ಅವಳ ತಲೆಯ ಮೇಲೆ ಸೂರು ಇತ್ತು, ಬೆನ್ನಿಗೆ ಅಪ್ಪ ಇದ್ದರು, ಕೊರಳಲ್ಲಿ ತಾಳಿ ಇನ್ನೂ ಬಿದ್ದಿರಲಿಲ್ಲ ಎಂಬ ಕಾರಣಗಳಿಂದ. ಈ ಮೂರೂ ಇಲ್ಲದವಳ ಗತಿ ಏನು? ಅದಕ್ಕೆ ತ್ರಿವೇಣಿಯವರೇ ಇನ್ನೊಂದು ಕಾದಂಬರಿ ಬರೆದರು, ‘ಶರಪಂಜರ’. ಅದನ್ನೂ ಪುಟ್ಟಣ್ಣನವರೇ 1971ರಲ್ಲಿ ಸಿನಿಮಾ ಮಾಡಿದರು. ಕಾವೇರಿಯಾಗಿ ಕಲ್ಪನಾ, ಗಂಡ ಸತೀಶನಾಗಿ ಗಂಗಾಧರ್.

ಕಾವೇರಿಯದು ಪ್ರೀತಿಯ ಸಂಸಾರ. ಎರಡನೆಯ ಹೆರಿಗೆಯಾದ ಮೇಲೆ ಅವಳಿಗೆ ಬುದ್ಧಿಭ್ರಮಣೆಯಾಗುತ್ತದೆ. ನಮ್ಮ ಕಡೆ ಬಾಣಂತಿ ಸನ್ನಿ ಎನ್ನುತ್ತೇವಲ್ಲ, ಅದು. ಆಸ್ಪತ್ರೆಗೆ ಸೇರಿಸುತ್ತಾರೆ, ವಾಸಿಯಾಗುತ್ತದೆ, ಮನೆಗೆ ಬರುತ್ತಾಳೆ. ಕಥೆಯ ನಿಜವಾದ ಹಿಂಸೆ ಶುರುವಾಗುವುದು ಅಲ್ಲಿಂದ. ಕಾಯಿಲೆ ವಾಸಿಯಾದರೂ ‘ಹುಚ್ಚಿ’ ಎಂಬ ಹೆಸರು ವಾಸಿಯಾಗುವುದಿಲ್ಲ. ಜೋರಾಗಿ ನಕ್ಕರೆ ಅನುಮಾನ, ಸುಮ್ಮನಿದ್ದರೆ ಅನುಮಾನ, ಸಿಟ್ಟು ಮಾಡಿಕೊಂಡರಂತೂ ಮುಗಿದೇಹೋಯಿತು. ಗಂಡ ದೂರವಾಗುತ್ತಾನೆ. ಅವನ ಮನಸ್ಸು ಬೇರೆ ಹೆಣ್ಣಿನ ಕಡೆ ವಾಲಿರುವುದು ಅವಳಿಗೆ ತಿಳಿಯುತ್ತದೆ. ವಾಸಿಯಾಗಿದ್ದ ಹೆಂಗಸನ್ನು ಎಲ್ಲರೂ ಸೇರಿ ಮತ್ತೆ ಹುಚ್ಚಿ ಮಾಡುತ್ತಾರೆ.

ಇಲ್ಲಿಯೂ ಪುಸ್ತಕ, ಸಿನಿಮಾಗಳ ದಾರಿ ಬೇರೆ. ತ್ರಿವೇಣಿ ಮನಃಶಾಸ್ತ್ರ ಬಲ್ಲವರು. ಒಂದು ಮನೆಯ ಮೌನ, ತಪ್ಪಿಸಿಕೊಳ್ಳುವ ಕಣ್ಣುಗಳು, ಬಾಯಿತಪ್ಪಿ ಬಂದ ಅರ್ಧ ಮಾತು ಇವು ಹೇಗೆ ಒಬ್ಬ ಹೆಂಗಸನ್ನು ದಿನದಿನವೂ ಕೊಂದುಹಾಕುತ್ತವೆ ಎಂದು ತಣ್ಣಗೆ ಬರೆಯುತ್ತಾರೆ. ಸಿನಿಮಾದಲ್ಲಿ ಅದೇ ಸಂಕಟ ಕಲ್ಪನಾ ಅವರ ಕಂಠದಿಂದ ಸ್ಫೋ‌ಟವಾಗಿ ಹೊರಬರುತ್ತದೆ. ಆ ಅಭಿನಯ ಕನ್ನಡಿಗರ ಮನಸ್ಸಿನಲ್ಲಿ ಇಂದಿಗೂ ಅಚ್ಚೊತ್ತಿದೆ. ಅಡಿಗೆ ಭಟ್ಟನಾಗಿ ಶಿವರಾಂ ಮಾಡಿದ ಪಾತ್ರವನ್ನೂ ಜನ ಮರೆತಿಲ್ಲ. ಆದರೆ ನೆನಪಿನಲ್ಲಿ ಉಳಿದದ್ದು ಹೆಚ್ಚಾಗಿ ಕಾವೇರಿಯ ಕೂಗು. ಮಿಮಿಕ್ರಿಯವರು ಅದನ್ನು ಅಣಕಿಸಿ ನಗಿಸಿದರು. ಕೂಗಿಗೆ ಕಾರಣವಾದ ಸತೀಶನ ಮೌನವನ್ನು ಯಾರೂ ಅಣಕಿಸಲಿಲ್ಲ. ಕೌಟುಂಬಿಕ ಹಿಂಸೆಯಲ್ಲಿ ಯಾವಾಗಲೂ ಹೀಗೇ. ಹೆಂಗಸಿನ ಕಿರುಚಾಟ ಬೀದಿಗೆ ಕೇಳಿಸುತ್ತದೆ, ಗಂಡಸಿನ ಮೌನ ಯಾರಿಗೂ ಕೇಳಿಸುವುದಿಲ್ಲ. ಊರು ಹೇಳುತ್ತದೆ: “ಅವ್ಳೇ ಬಜಾರಿ, ಅವ್ನು ಬಾಯೇ ಬಿಡಕಿಲ್ಲ.”

ಬಾಣಂತಿ ಸನ್ನಿ ದೆವ್ವವಲ್ಲ, ಶಾಪವಲ್ಲ. ಸಾಮಾನ್ಯವಾಗಿ ಹೆರಿಗೆಯಾದ ಮೊದಲ ಎರಡು ವಾರಗಳಲ್ಲಿ ಕಾಣಿಸಿಕೊಳ್ಳುವ ಕಾಯಿಲೆ. ನಿದ್ದೆ ಬರುವುದಿಲ್ಲ, ಮಾತು ತಾಳ ತಪ್ಪುತ್ತದೆ, ಮಗುವಿನ ಬಗ್ಗೆ ಇಲ್ಲದ ಭಯ ಹುಟ್ಟುತ್ತದೆ. ತಾಯಿಗೂ ಮಗುವಿಗೂ ಅಪಾಯ ಆಗಬಹುದಾದ್ದರಿಂದ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಔಷಧಿಯಿಂದ ವಾಸಿಯಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಾರ್ಡು 2009ರಲ್ಲಿ ಶುರುವಾಯಿತು. ನಿಮ್ಮೂರು ವೈದ್ಯನಾಥನ ಊರು. ಕಾಯಿಲೆ ಎಂದರೆ ಕೈಮುಗಿದು ಬರುವವರನ್ನು ಶಿಂಷಾ ತೀರದ ಈ ದೇವಸ್ಥಾನದಲ್ಲಿ ನೀವು ನೋಡುತ್ತಲೇ ಇದ್ದೀರಿ. ಕೈ ಮುಗಿಯಲಿ, ಜೊತೆಗೆ ಡಾಕ್ಟರ ಬಳಿಗೂ ಹೋಗಲಿ. ವಾಸಿಯಾಗಿ ಬಂದವಳನ್ನು ಬೀದಿಯ ಜನ ಮತ್ತೆ ಕಾಯಿಲೆಗೆ ದೂಡದಂತೆ ನೋಡಿಕೊಳ್ಳುವ ಕೆಲಸ ಮಾತ್ರ ಡಾಕ್ಟರದಲ್ಲ, ನಮ್ಮದು.

ಕಾವೇರಿಯ ಕಾಲದಲ್ಲಿ ಇಂಥ ಹಿಂಸೆಗೆ ಕಾನೂನಿನಲ್ಲಿ ಹೆಸರೇ ಇರಲಿಲ್ಲ. ಗಂಡ ಮತ್ತು ಅವನ ಕಡೆಯವರ ಕ್ರೌರ್ಯವನ್ನು ಅಪರಾಧ ಎಂದು ಕರೆದ 498ಎ ಬಂದದ್ದು 1983ರಲ್ಲಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 85 ಮತ್ತು 86ನೇ ಕಲಮು. ವರದಕ್ಷಿಣೆ ಸಾವಿನ ಕಲಮು 1986ರಲ್ಲಿ ಬಂತು, ಈಗ ಅದು 80. ಮನಸ್ಸಿಗೆ ಕೊಡುವ ಹಿಂಸೆ, ಬಯ್ಗುಳ, ದುಡ್ಡು ಕೊಡದೆ ಸತಾಯಿಸುವುದು ಇವೂ ಹಿಂಸೆಯೇ ಎಂದು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಹೇಳಿತು. ಮನೆ ಯಾರ ಹೆಸರಿನಲ್ಲೇ ಇರಲಿ, ಗಂಡನೊಡನೆ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಹೆಂಡತಿಗೆ ಉಂಟು ಎಂದೂ ಹೇಳಿತು. ಕಾವೇರಿಗೆ ಬೇಕಿದ್ದ ಸೂರು ಇದು. ಈ ಕಾನೂನುಗಳು ಪುಕ್ಕಟೆಯಾಗಿ ಬಂದವಲ್ಲ. 1979ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವಿಮೋಚನಾದಂಥ ಸಂಘಟನೆಗಳ ಹೆಣ್ಣುಮಕ್ಕಳು ದೇಶದ ಉದ್ದಗಲಕ್ಕೂ ಬೀದಿಗಿಳಿದದ್ದರಿಂದ ಬಂದವು. ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಮಲಗಿದ್ದವರ ಮಾತನ್ನು ಕಿವಿಗೊಟ್ಟು ಕೇಳಿ, ‘ಸ್ಟೌವ್ ಸಿಡಿಯಿತು’ ಎಂಬ ಸುಳ್ಳನ್ನು ಪ್ರಶ್ನಿಸಿದವರು ಅವರು.

ಈಗ ಈ ಎರಡು ಕಾದಂಬರಿ, ಎರಡು ಸಿನಿಮಾಗಳಲ್ಲೂ ಇಲ್ಲದ ಒಂದು ಸಂಗತಿಗೆ ಬರುತ್ತೇನೆ. ಇಂದಿರಾ ಒಂಟಿ. ಕಾವೇರಿ ಒಂಟಿ. ಅವರ ಜೊತೆ ನಿಲ್ಲುವ ಹೆಂಗಸರ ಗುಂಪು ಒಂದೂ ಇಲ್ಲ. ಹೆಣ್ಣು ಒಬ್ಬಳೇ ಗಟ್ಟಿಯಾಗಬೇಕು, ಇಲ್ಲವೆ ಒಬ್ಬಳೇ ಮುರಿಯಬೇಕು. ಆಗಿನ ಮಧ್ಯಮ ವರ್ಗದ ಮನೆಗಳ ಸತ್ಯ ಅದೇ ಆಗಿತ್ತು. ನಮ್ಮಲ್ಲಿ ಈಗ ಸ್ತ್ರೀಶಕ್ತಿ ಸಂಘಗಳಿವೆ, ಸಂಜೀವಿನಿ ಗುಂಪುಗಳಿವೆ, ವಾರ ವಾರ ಹತ್ತಿಪ್ಪತ್ತು ಹೆಂಗಸರು ಒಂದೆಡೆ ಕೂರುತ್ತೇವೆ. ತ್ರಿವೇಣಿಯವರ ಕಥೆಗೆ ನಾವು ಸೇರಿಸಬಹುದಾದ ಹೊಸ ಅಧ್ಯಾಯ ಇದೇ. ಆದರೆ ಒಂದು ಕಹಿ ಮಾತನ್ನೂ ಹೇಳಬೇಕು. ಇದೇ ಸಂಘಗಳಿಂದ ‘ಹಸು ತರಲು’ ಎಂದು ಬರೆಸಿ ತೆಗೆದ ಸಾಲ ಅಳಿಯನ ಬೈಕಾಗಿ ಹೋಗುತ್ತಿದೆ. ಹಾಲಿನ ಡೇರಿಯ ಬಟವಾಡೆ, ಕಬ್ಬಿನ ಬಿಲ್ಲು ಬಂದ ಕೂಡಲೇ ಮಗಳ ಮದುವೆಯ ಕಂತಿಗೆ ಜಮಾ ಆಗುತ್ತಿದೆ. ಹೆಂಗಸರು ಕೂಡಿಟ್ಟ ದುಡ್ಡೇ ಹೆಂಗಸರನ್ನು ಮಾರಲು ಬಂಡವಾಳವಾದರೆ ನಾವು ಸಂಘ ಕಟ್ಟಿದ್ದು ಯಾಕೆ?

ಆದ್ದರಿಂದ ನಿಮ್ಮ ಮುಂದೆ ಕೆಲವು ಮಾತುಗಳನ್ನು ಇಡುತ್ತೇನೆ. ಒಪ್ಪಿಗೆಯಾದರೆ ನಿಮ್ಮ ಸಂಘದ ಪುಸ್ತಕದಲ್ಲಿ ಬರೆದುಕೊಳ್ಳಿ.

ಒಂದು, ವರದಕ್ಷಿಣೆಗೆ ಸಂಘದ ಸಾಲ ಇಲ್ಲ. ಮಗಳ ಓದಿಗೆ, ಹೊಲಿಗೆ ಮಿಷನ್ನಿಗೆ, ಅವಳ ಹೆಸರಿನ ನೆಲಕ್ಕೆ ಸಾಲ ಉಂಟು.

ಎರಡು, ಮದುವೆಯಲ್ಲಿ ಪ್ರೀತಿಯಿಂದ ಕೊಟ್ಟ ಉಡುಗೊರೆಗಳ ಪಟ್ಟಿ ಬರೆದು ಎರಡೂ ಕಡೆಯವರ ಸಹಿ ಹಾಕಿಸಿ. ಹೀಗೆ ಪಟ್ಟಿ ಇಡಬೇಕೆಂದು 1985ರ ನಿಯಮವೇ ಇದೆ. ವರದಕ್ಷಿಣೆ ಎಂದು ಯಾರ ಕೈಗೆ ಏನು ಹೋಗಿದ್ದರೂ ಅದನ್ನು ಮೂರು ತಿಂಗಳೊಳಗೆ ಹೆಣ್ಣಿಗೆ ಒಪ್ಪಿಸಬೇಕೆಂದು ಕಾಯ್ದೆ ಹೇಳುತ್ತದೆ. ಕೊಟ್ಟವರ ಮೇಲೂ ಕೇಸಾಗುತ್ತದೆ ಎಂದು ಹೆದರಿಸುವವರುಂಟು. ನೊಂದವಳು ಕೊಟ್ಟ ಹೇಳಿಕೆಯನ್ನೇ ಹಿಡಿದು ಅವಳ ಮೇಲೆ ಮೊಕದ್ದಮೆ ಹೂಡುವಂತಿಲ್ಲ, ತಿಳಿದಿರಲಿ.

ಮೂರು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಮೊದಲು ಸಂಘದಲ್ಲಿ ಒಂದು ಮಾತು ಕೇಳಿ. ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ.

ನಾಲ್ಕು, ಹಿಂಸೆ ನಡೆಯುತ್ತಿದ್ದರೆ 181ಕ್ಕೆ ಫೋನ್ ಮಾಡಿ, ತುರ್ತಾದರೆ 112ಕ್ಕೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಸಂರಕ್ಷಣಾಧಿಕಾರಿ. ಅಂಗನವಾಡಿ ಟೀಚರಮ್ಮನನ್ನು ಕೇಳಿದರೆ ದಾರಿ ತೋರಿಸುತ್ತಾರೆ.

ಐದು, ‘ಬೆಳ್ಳಿಮೋಡ’ವನ್ನು ನಿಮ್ಮ ಸಂಘದಲ್ಲಿ ಓದಿ. ಓದು ಬರುವ ಒಬ್ಬ ಹುಡುಗಿ ವಾರಕ್ಕೆ ಒಂದಿಷ್ಟು ಪುಟ ಗಟ್ಟಿಯಾಗಿ ಓದಲಿ, ಉಳಿದವರು ಹುಣಸೆಹಣ್ಣು ಬಿಡಿಸುತ್ತಲೋ ಅವರೆಕಾಯಿ ಸುಲಿಯುತ್ತಲೋ ಕೇಳಲಿ. ಮುಗಿದ ಮೇಲೆ ಎಲ್ಲರೂ ಕೂತು ಸಿನಿಮಾ ನೋಡಿ. ಮದುವೆ ವಯಸ್ಸಿನ ಹುಡುಗಿಯರನ್ನೂ ಕರೆಯಿರಿ, ಹುಡುಗರನ್ನೂ ಕರೆಯಿರಿ. ಆಮೇಲೆ ಒಂದೇ ಪ್ರಶ್ನೆ ಕೇಳಿ: ಇಂದಿರಾ ಮಾಡಿದ್ದು ಸರಿಯೋ ತಪ್ಪೋ? ಜಗಳವಾಗಲಿ, ಒಳ್ಳೆಯದೇ. ಮಗಳು ಏನು ಹೇಳುತ್ತಾಳೆ ಕೇಳಿಸಿಕೊಳ್ಳಿ. ಮಗ ಏನು ಹೇಳುತ್ತಾನೆ ಎಂಬುದನ್ನು ಇನ್ನೂ ಗಮನವಿಟ್ಟು ಕೇಳಿಸಿಕೊಳ್ಳಿ. ನಾಳೆ ಇನ್ನೊಬ್ಬರ ಮನೆಗೆ ಮೋಹನ್ ಆಗಿ ಹೋಗುವವನು ನಮ್ಮ ಮನೆಯಲ್ಲೇ ಉಣ್ಣುತ್ತಿರುತ್ತಾನೆ. ಅವನಿಗೆ ಲೆಕ್ಕ ಕಲಿಸುತ್ತಿರುವುದು ನಾವೇ ಅಲ್ಲವೇ ಎಂದು ಗಂಡುಮಕ್ಕಳ ತಾಯಂದಿರಾದ ನಾವು ಯೋಚಿಸಬೇಕು.

ನಿಮ್ಮೂರಿನಲ್ಲಿ ಯಾವಳಾದರೂ ಹುಡುಗಿ ನಿಶ್ಚಿತಾರ್ಥ ಆದ ಮೇಲೂ, ಛತ್ರ ಗೊತ್ತು ಮಾಡಿದ ಮೇಲೂ, ಈ ಗಂಡು ನನಗೆ ಬೇಡ, ಇವರ ಆಸೆ ತೀರುವಂಥದ್ದಲ್ಲ ಎಂದರೆ ಊರು ನೂರು ಮಾತಾಡುತ್ತದೆ. ಆ ದಿನ ಸಂಘದ ಹತ್ತು ಹೆಂಗಸರು ಅವಳ ಮನೆ ಜಗಲಿಯ ಮೇಲೆ ಹೋಗಿ ಕೂರಬೇಕು. ‘ಪಾಪ’ ಎನ್ನುವುದಕ್ಕಲ್ಲ. ‘ಒಳ್ಳೇದು ಮಾಡ್ದೆ ಕಣ್ ಮಗಾ, ನಾವಿದೀವಿ’ ಎನ್ನುವುದಕ್ಕೆ.